ನೀರು ತುಂಬಿದ ಮರುದಿನ

ನಳ ಬಂದು ಹನ್ನೊಂದು ದಿನ. ಆದರೂ
ಬನವ್ವ ಚಿಗವ್ವ ಎರಡು ಪಾಲು ಮಾಡಿಟ್ಟಿದ್ದಳು:
ಜಳಕಕ್ಕೆ ಹಂಡೆ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ.
ಬೆಂಕಿಗೆ ಒಂದು ಕೊಡ.
ಬೆಂಕಿಯ ಕೊಡಕ್ಕೂ ಅಷ್ಟೇ ಸುಣ್ಣದ ಗೆರೆ, ಅಷ್ಟೇ ಕುಂಕುಮ.

ಬೆಟಗೇರಿಯ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಆತು ನಿಂತ ಮನೆಗಳು,
ಪಡಸಾಲೆಗೊಂದು ಮಗ್ಗ, ಮಗ್ಗದ ಮೇಲೆ ಅರ್ಧ ಸೀರೆ,
ಹೊರಗೆ ಹಗ್ಗದ ಮೇಲೆ ಗಂಜಿ ಕುಡಿದು ಒಣಗುವ ನೂಲು.
ಒಂದು ಕಿಡಿ ಸಾಕು ಎಂದು
ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.
ನಸುಕಿನ ಕತ್ತಲಲ್ಲೇ ಎದ್ದು ಲಡಿ ಲಡಿ ನೂಲು ಒಳಗೊಯ್ದು
ಕಿಟಕಿ ಹಾಕಿ, ಹೊಸ್ತಿಲಿಗೆ ಹಸಿ ಗೋಣಿಚೀಲ ಹಾಸಿ
ನಮ್ಮನ್ನು ಸಾಲಾಗಿ ನಿಲ್ಲಿಸಿದಳು.

"ಈ ಪಾಲಿಸ್ಟರ್ ಬ್ಯಾಡ. ಹಳೇ ಚೀಟಿನ ಪರಕರ ಹಾಕ್ಕೊಂಡ ಬಾ.
ಜಡಿ ಕಟ್ಟ, ರೇಣಿ. ಮೌನ್ಯಾ, ಚಪ್ಪಲಿ ಎಲ್ಲಿ?
ಕಿಸೆದಾಗ ಏನೈತಿ? ತಗಿ."
ಮೌನೇಶನ ಚಡ್ಡಿಯ ಕಿಸೆಯಿಂದ ಆರು ಲವಂಗಿ ಪಟಾಕಿ,
ಅರ್ಧ ಚಕ್ಕಲಿ ಬಂದವು.
ಚಕ್ಕಲಿ ವಾಪಸು ಕೊಟ್ಟಳು.

ಮಾರುದ್ದ ಬಿದಿರ ಕಡ್ಡಿಯ ತುದಿಗೆ ಊದಿನಕಡ್ಡಿ ಕಟ್ಟಿದ್ದಳು.
"ಬಗ್ಗಬ್ಯಾಡ. ಮಾರಿ ಆ ಕಡೆ. ಹತ್ತಿತೋ, ಬಂದ ಬಿಡು."
ಸುರಸುರಬತ್ತಿ ಮುಗಿದ ಮೇಲೆ ಕೆಂಪು ತಂತಿ
ನೇರ ಕೊಡಕ್ಕೆ: ಚೊಂಯ್!
ಆ ಸದ್ದಿಗೇ ಗುಂಡ್ಯಾ ಕೈ ತಟ್ಟುತ್ತಿದ್ದ,
ಬೆಳಕಿನ ಕಡೆ ನೋಡುತ್ತಲೇ ಇರಲಿಲ್ಲ.

ಮೂರನೆಯ ಹೂಕುಂಡ ಹತ್ತಲಿಲ್ಲ.
ಬತ್ತಿ ಉರಿದು ಒಳಗೆ ಹೋಯಿತು. ಹೊಗೆ ಇಲ್ಲ. ಏನೂ ಇಲ್ಲ.
ಮೌನೇಶ ಒಂದು ಹೆಜ್ಜೆ ಇಟ್ಟ.
ಅವಳು ಕಾಲರು ಹಿಡಿದೆತ್ತಿದಳು,
ಬೆಕ್ಕು ತನ್ನ ಮರಿಯನ್ನು ಕಚ್ಚಿ ಎತ್ತಿದ ಹಾಗೆ.

"ಕೂಡ್ರಿ. ನೂರು ಎಣಸ್ರಿ."

ಎಣಿಸಿದೆವು. ಓಣಿ ತುಂಬ ಬೇರೆಯವರ ಹಬ್ಬ ಸಿಡಿಯುತ್ತಿತ್ತು.
ನಲವತ್ತರ ಹತ್ತಿರ ನನ್ನ ಕಣ್ಣು ಅವಳ ಬಲಗೈ ಮೇಲೆ ಬಿತ್ತು.
ಕಿರುಬೆರಳೂ ಅದರ ಪಕ್ಕದ್ದೂ ಅಂಟಿ ಒಂದೇ ಆಗಿದ್ದವು.
ಉಳಿದ ಮೂರರಲ್ಲೇ ಅವಳು
ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕುತ್ತಿದ್ದದ್ದು.
ಹುಟ್ಟಿನಿಂದ ಹಾಗೇ ಎಂದು ತಿಳಿದಿದ್ದೆ.

ಅರವತ್ತಕ್ಕೆ ಅವಳೇ ಹೇಳಿದಳು, ಯಾರೂ ಕೇಳದೆ:
"ನಾನೂ ಹಿಂಗ ಎದ್ದು ಹೋಗಿದ್ದೆ. ಸತ್ತೈತಿ ಅಂತ ಎತ್ತಿದೆ.
ಅವ್ವ ಗಾಬರ್ಯಾಗಿ ಸುಣ್ಣಾ ಹಚ್ಚಿದ್ಲು. ಅದರ ಮ್ಯಾಲ ಶಾಯಿ.
ಮನ್ಯಾಗ ನೀರ ಇತ್ತು.
ನಾಳಿಗಿ ಬೇಕು ಅಂತ ಯಾರೂ ಮುಟ್ಟಲಿಲ್ಲ."

ಎಲ್ಲಿಯತನಕ ಎಣಿಸಿದ್ದೆವೋ ಮರೆತುಹೋಯಿತು.
"ಮೊದಲಿಂದ" ಎಂದಳು.

ಮತ್ತೆ ನೂರು. ಆಮೇಲೆ ಎದ್ದು, ಮುಖ ತಿರುವಿ,
ದೂರದಿಂದ ಚರಿಗೆ ಬೀಸಿ ನೀರು ಎರಚಿದಳು ಕುಂಡಕ್ಕೆ,
ಇನ್ನೊಂದು ಚರಿಗೆ, ಇನ್ನೊಂದು, ಹತ್ತಿರ ಹೋಗಿ ಇನ್ನೊಂದು.
ಹನ್ನೊಂದು ದಿನ ಕಾಯ್ದ ನೀರನ್ನು
ಕೂಸಿನ ನೆತ್ತಿಗೆ ಎರೆದಂತೆ ಎರೆದಳು.
ಮಣ್ಣು ನೆನೆದು ಕರಿಯ ಹಾಲು ಬಿಟ್ಟಿತು.

ಅಷ್ಟರಲ್ಲಿ ಹಂಡೆಯ ನೀರು ಕಾದಿತ್ತು.
ಮೊದಲು ನನ್ನನ್ನೇ ಮಣೆಯ ಮೇಲೆ ಕೂರಿಸಿ ಎಣ್ಣೆ ಇಟ್ಟಳು.
ಆ ಎರಡು ಬೆರಳು ಒಂದೇ ಬೆರಳಾಗಿ
ಕೂದಲ ನಡುವೆ ಹೋದವು, ಬಂದವು.
ನಾನು ಅಲುಗಾಡಲಿಲ್ಲ.
ಹೊರಗೆ ಗುಂಡ್ಯಾ ಎಲ್ಲೋ ಬಿದ್ದಿದ್ದ ತಣ್ಣಗಿನ ತಂತಿಯೊಂದನ್ನು ಹುಡುಕಿ ತಂದು
ಕೊಡಕ್ಕೆ ಹಾಕಿದ. ಸದ್ದಾಗಲಿಲ್ಲ.
ಸ್ವಲ್ಪ ಹೊತ್ತು ನೋಡಿ, ತಾನೇ ಅಂದ:
ಚೊಂಯ್.