ಕಾಲಿಂಚು

ಬೆಳಕು ಹರಿಯುವ ಮುಂಚೆ ನಲವತ್ತೆರಡು ದೋಣಿ,
ಮೂತಿಗೆ ಕೆಂಪು ಹಸಿರು ದೀಪ ಕಟ್ಟಿಕೊಂಡು
ತುಂಟ ಕರುಗಳ ಹಾಗೆ ಹಗ್ಗ ಜಗ್ಗುತ್ತಿದ್ದವು.
ಮೈಕು ಹಿಡಿದು ನಂಬರು ಕೂಗುವವಳು ನಾನು, ಆರ್ಡಿತ್:
ಒಂದು, ಹೊರಡು. ಎರಡು, ಹೊರಡು.
ಸ್ಟಿಲ್‌ಹೌಸ್ ಜಲಾಶಯದ ಮಂಜು ಸೀಳಿ ಹೋದವು.
ಆಮೇಲೆ ಉಳಿದದ್ದು ಪೆಟ್ರೋಲಿನ ವಾಸನೆ,
ಚರ್ಚಿನ ಹೆಂಗಸರು ತಂದ ಬಿಸ್ಕಿಟ್ಟು, ಗ್ರೇವಿ,
ಮತ್ತೆ ಮೇಜಿನ ಮೇಲೆ ಅಳತೆಯ ಹಲಗೆ.

ಕಾನೂನು ಚಿಕ್ಕದು. ದೋಣಿಕಟ್ಟೆಯ ಫಲಕದಲ್ಲಿದೆ:
ಬಾಸ್ ಮೀನು ಹದಿನೈದು ಇಂಚಿಗೆ ಕಮ್ಮಿಯಾದರೆ ನೀರಿಗೆ ಬಿಡಿ.
ತಲೆಗೆ ಐದು. ಬಾಯಿ ಮುಚ್ಚಿಸಿ, ಬಾಲ ಹಿಂಡಿ ಅಳೆಯಿರಿ.
ಅದರ ಕೆಳಗೆ ಯಾರೋ ಚಾಕುವಿನಲ್ಲಿ ಕೆತ್ತಿದ್ದಾರೆ:
ಮನೆಯಲ್ಲಿ ಹೇಳುವಾಗ ಇಪ್ಪತ್ತು ಅನ್ನಬಹುದು.

ಹಲಗೆ ಮಾಡಿಕೊಟ್ಟವನು ಶಾಲೆಯ ಬಡಗಿ ಮೇಷ್ಟ್ರು ಡೆಲ್ಬರ್ಟ್.
ಆಕ್ರೋಟು ಮರ, ಮೂಗು ತಾಗಲು ಒಂದು ತಡೆ,
ನಡುವೆ ಮೊಳೆ ಹೊಡೆದು ಕೂರಿಸಿದ ಅಡಿಪಟ್ಟಿ.
ಹನ್ನೆರಡು ವರ್ಷ ಅದರ ಮೇಲೆ ಮೀನು ಮಲಗಿಸಿದ್ದೇನೆ.
ಕಮ್ಮಿ, ಎಂದರೆ ಕಮ್ಮಿ.
ಒಂದು ಪೌಂಡು ಕಡಿತ. ಮುಂದಿನವರು ಬನ್ನಿ.
"ನನ್ನ ದೋಣಿಯ ಪಟ್ಟಿಯಲ್ಲಿ ಹದಿನೈದಿತ್ತಮ್ಮ"
ಎಲ್ಲರೂ ಹೇಳುವ ಮಾತು;
ಎಲ್ಲರೂ ಹೇಳುತ್ತಾರೆಂದೇ ಯಾರೂ ನಂಬದ ಮಾತು.

ಒಮ್ಮೆ ಒಬ್ಬ ಹುಡುಗಿ, ಎಂಟು ವರ್ಷ, ಕೇಡಿ ಬ್ಯಾನಿಂಗ್,
ಅಪ್ಪನ ದೊಗಳೆ ಲೈಫ್‌ಜಾಕೆಟ್ಟಿನೊಳಗಿಂದ
ಒಂದೇ ಒಂದು ಮೀನು ಎತ್ತಿ ಕೊಟ್ಟಿದ್ದಳು.
ಹಿಂಡಿದೆ. ಇನ್ನೊಮ್ಮೆ ಹಿಂಡಿದೆ. ಗೆರೆ ಮುಟ್ಟಲಿಲ್ಲ.
ಅವಳು ಅಳಲಿಲ್ಲ, ಹಲಗೆಯನ್ನೇ ನೋಡಿದಳು,
ಸುಳ್ಳು ಹೇಳಿದವರ ಮುಖ ನೋಡುವ ಹಾಗೆ.

ಈ ಸಲ ಹೊಸ ವಾರ್ಡನ್ ಬಂದಿದ್ದ. ಟ್ರೆಮೇನ್ ಸ್ಪರ್ಲಾಕ್,
ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಉಕ್ಕಿನ ಪಟ್ಟಿ.
ಕಾಫಿ ಆರುವವರೆಗೆ ಸುಮ್ಮನೆ, ಹೊತ್ತು ಹೋಗದೆ,
ಅದನ್ನು ನಮ್ಮ ಹಲಗೆಯ ಪಕ್ಕ ಇಟ್ಟ.
ಎತ್ತಿದ. ಮತ್ತೆ ಇಟ್ಟ. ನನ್ನ ಕಡೆ ನೋಡಲಿಲ್ಲ.

ಶಾಲೆಯ ಅಡಿಪಟ್ಟಿ ನಿಮಗೂ ಗೊತ್ತು:
ಸೊನ್ನೆಗೆ ಮುಂಚೆ ಒಂದಿಷ್ಟು ಖಾಲಿ ಮರ ಇರುತ್ತದೆ,
ಏನನ್ನೂ ಎಣಿಸದ ಜಾಗ.
ಡೆಲ್ಬರ್ಟ್ ಆ ಖಾಲಿಯನ್ನು ಕತ್ತರಿಸಿರಲಿಲ್ಲ.
ಹನ್ನೆರಡು ವರ್ಷದ ಮೂಗುಗಳೆಲ್ಲ
ಸೊನ್ನೆಯ ಆಚೆಗೇ ಕೂತಿದ್ದವು.
ಕಾಲಿಂಚು.

"ಸಂಜೆ ಬದಲಾಯಿಸಿದರಾಯಿತು" ಎಂದ ವಾರ್ಡನ್ ಮೆಲ್ಲಗೆ.
ಒಳ್ಳೆಯ ಹುಡುಗ.
ಡೆಲ್ಬರ್ಟ್ ಮಣ್ಣು ಸೇರಿ ನಾಲ್ಕು ವರ್ಷ,
ಗೆದ್ದವರ ಟ್ರೋಫಿಗಳು ಗೋಡೆಗಳಲ್ಲಿ ದೂಳು ತಿನ್ನುತ್ತಿವೆ,
ಸೋತವರು ಸೋತದ್ದಕ್ಕೆ ಒಗ್ಗಿಹೋಗಿದ್ದಾರೆ.
ನಾನೂ ಹೂಂ ಅಂದೆ. ಅಂದದ್ದು ನಿಜ.

ಮೂರು ಗಂಟೆಗೆ ಚೀಲ ಹಿಡಿದು ಸಾಲು ನಿಂತರು.
ನೀರು ತೊಟ್ಟಿಕ್ಕುವ ಚೀಲಗಳು, ಸುಟ್ಟ ಕತ್ತುಗಳು.
ಏಳನೆಯವಳು, ಮೂವತ್ತೊಂದನೇ ದೋಣಿ, ಕೇಡಿ ಬ್ಯಾನಿಂಗ್,
ಈಗ ನನಗಿಂತ ಒಂದು ಗೇಣು ಎತ್ತರ.
ಮೈಕು ನನ್ನ ಕೈಯಲ್ಲೇ ಇತ್ತು.
ಹೇಳಿಬಿಟ್ಟೆ.

ಕಟ್ಟೆಯ ಮೇಲೆ ಗಾಳಿಯೂ ಆಡಲಿಲ್ಲ.
ಯಾರೋ ಉಗುಳಿದರು. ಹೊಯ್ಟ್ ಬ್ಯಾನಿಂಗ್ ನಗತೊಡಗಿದ,
ಕೆಮ್ಮು ಬರುವವರೆಗೆ ನಕ್ಕ:
"ಹಂಗಾದರೆ ನಾವು ಬಿಟ್ಟವು, ಕೆಳಗೆ,
ಎಷ್ಟು ಮರಿ ಹಾಕಿರಬೇಕು ನೋಡು!"
ಒಬ್ಬ ಮಾತ್ರ ಟೋಪಿ ನೆಲಕ್ಕೆ ಬಡಿದು ಹೋದ;
ಅವನ ಹತ್ತು ಸಾವಿರ ಡಾಲರು ಆ ಖಾಲಿ ಮರದಲ್ಲಿತ್ತು.
ಅವನಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಕೇಡಿ ಚೀಲ ಇಳಿಸಿದಳು.
"ಅವತ್ತಿನದು ಹದಿನೈದಿತ್ತಾ?"
"ಇತ್ತು."
"ಸರಿ" ಅಂದಳು.
ಉಕ್ಕಿನ ಪಟ್ಟಿಯ ಮೇಲೆ ಮೊದಲ ಮೀನು ಮಲಗಿಸಿದೆ,
ಬಾಯಿ ಮುಚ್ಚಿಸಿ, ಬಾಲ ಹಿಂಡಿ.
ಹದಿನಾಲ್ಕೂ ಮುಕ್ಕಾಲು.

ಇಬ್ಬರೂ ಗೆರೆ ನೋಡಿದೆವು.
ಅವಳೇ ಮೀನನ್ನೆತ್ತಿ, ಮೆಟ್ಟಿಲಿಳಿದು,
ಮೊಣಕಾಲುದ್ದ ನೀರಿನಲ್ಲಿ ಅದರ ಕಿವಿರು ಆಡುವವರೆಗೆ
ಹಿಡಿದುಕೊಂಡೇ ನಿಂತಳು.