ಬಲಗೈ

ದಾವಣಗೆರೆ ಆರ್‌ಟಿಓ ಆಫೀಸು. ಎಲ್‌ಎಲ್‌ಆರ್ ಪರೀಕ್ಷೆ.
ಏಳನೇ ಪ್ರಶ್ನೆಗೆ ಕಂಪ್ಯೂಟರಿನಲ್ಲಿ
ಒಂದು ಕೈ ಬಂತು.
ಬರೀ ಕೈ. ಆಳಿಲ್ಲ, ಬಳೆಯಿಲ್ಲ.
ಬಲಕ್ಕೆ ನೆಟ್ಟಗೆ ಚಾಚಿ, ಅಂಗೈ ಮುಂದಕ್ಕೆ.
ಪಕ್ಕದ ಹುಡುಗ ಗೊಣಗಿದ:
‘ಡ್ರಾಪ್ ಕೇಳ್ತಿದಾನಾ ಇವ್ನು?’

ನನಗೆ ಆ ಕೈಯ ಗುರುತಿತ್ತು.

ಬಾಷಾನಗರದ ಭಟ್ಟಿಯಿಂದ ಬೆಳಗಿನ ಆರಕ್ಕೆ
ದಾದಾಪೀರ್ ಕಾಕಾ ಹೊರಡುತ್ತಿದ್ದ,
ಸೈಕಲ್ಲಿಗೆ ಆರು ಚೀಲ ಮಂಡಕ್ಕಿ ಬಿಗಿದು.
ಹಿಂದಿನಿಂದ ನೋಡಿದರೆ ಕಾಕಾನೂ ಇಲ್ಲ, ಸೈಕಲ್ಲೂ ಇಲ್ಲ,
ಗುಡ್ಡವೊಂದು ತಾನೇ ತೂಗಾಡುತ್ತ ಹೋದಂಗೆ.
ತೂಕ ಆಗಿನ ನನ್ನಷ್ಟೂ ಇಲ್ಲ,
ಅಗಲ ಮಾತ್ರ ಮದುವೆ ಹಂದರ.
ಗಾಳಿ ಎತ್ತಲೋ ಗುಡ್ಡದ ಮನಸ್ಸು ಅತ್ತ.

ರೈಲ್ವೆ ಗೇಟು ದಾಟಿದ ಮೇಲೆ ಮೊದಲ ತಿರುವು.
ಇನ್ನೂ ನೂರು ಮಾರು ಇರುವಾಗಲೇ
ಚೀಲದ ಅಂಚಿನಾಚೆ ಕೈ ಬರುತ್ತಿತ್ತು,
ಕಾಣಲೆಂದು ಮೊಣಕೈತನಕ ಕೆಂಪು ಟವೆಲ್ಲು ಸುತ್ತಿ.
‘ಎಲ್ಲಿಗೆ ಹೊಂಟಿದೀನಿ ಅಂತ
ಹಿಂದಿದ್ದೋರಿಗೆ ಹೇಳ್ಬೇಕಲ್ಲವ್ವ.
ಹೇಳ್ದೆ ತಿರುಗೋದು ಕದ್ದಂಗೆ.’

ಮೇಲೆತ್ತಿದರೆ ನಿಂತೆ ಅಂತ.
ಬೆಕ್ಕಿನ ಬೆನ್ನು ಸವರಿದಂತೆ ಆಡಿಸಿದರೆ ನಿಧಾನ ಅಂತ.
ಎಡಕ್ಕೆ ಹೋಗುವುದಿದ್ದರೂ ಬಲಗೈಯೇ,
ಬಾಣಲೆಯ ಬಿಸಿ ಮರಳು ತಿರುವಿದಂತೆ ಸುತ್ತಬೇಕು.
ಇದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ;
ನೊಣ ಓಡಿಸ್ತಿದಾನೆ ಅಂದುಕೊಳ್ಳುತ್ತಿದ್ದರು.

ಒಂದು ದಿನ ಪಿ.ಬಿ. ರೋಡಿನಲ್ಲಿ
ಬೈಕಿನ ಹುಡುಗನೊಬ್ಬ, ಬೆನ್ನಿಗೆ ಇನ್ನಿಬ್ಬರು,
ಚಾಚಿದ ಆ ಕೈಗೆ ಚಟಾರನೆ ಕೈ ಹೊಡೆದು
ನಗುತ್ತ ಹೋದರು.
ಗುಡ್ಡ ವಾಲಿತು.
ಮೂರು ಚೀಲ ಒಡೆದು ರಸ್ತೆಯೆಲ್ಲ ಬೆಳ್ಳಗೆ.
ಎಲ್ಲಿತ್ತೋ, ಆಕಳೊಂದು ಬಂತು.
ಮಂಡಕ್ಕಿಯ ಮೇಲೇ ಬಿದ್ದಿದ್ದ ಕಾಕಾ,
ತರಚುಗಾಯವೂ ಇಲ್ಲ.
ಎದ್ದವನು ಮೊದಲು ಮಾಡಿದ್ದು
ಕೆಂಪು ಟವೆಲ್ಲಿನ ಕೈ ಮೇಲೆತ್ತಿ
ಬರುವ ಲಾರಿಗೆ ಎದುರು ನಿಂತದ್ದು.
ಬೈಯಲಿಲ್ಲ ಅಂತಲ್ಲ. ಆಮೇಲೆ ಬೈದ, ಮನಸಾರೆ,
ಉರ್ದುವಿನಲ್ಲಿ ಒಂದಿಷ್ಟು,
ಮಿಕ್ಕದ್ದು ಕನ್ನಡದಲ್ಲಿ.

ಪಾಸಾದೆ. ನಲವತ್ತೊಂದಕ್ಕೆ.
ಹೆಲ್ಮೆಟ್ಟಿನೊಳಗೆ ತುರುಬು ಕೂರುವುದಿಲ್ಲ,
ಜಡೆ ಹಾಕುವುದು ಮತ್ತೆ ಕಲಿತೆ.
ಮೊಪೆಡ್ಡು ಸೆಕೆಂಡ್‌ಹ್ಯಾಂಡು,
ಎಡಗಡೆ ಇಂಡಿಕೇಟರ್ ಉರಿಯೋದಿಲ್ಲ.
ನಿನ್ನೆ ಭಟ್ಟಿ ಬೀದಿಗೆ ಹೊರಳುವ ಮುಂಚೆ
ಎಕ್ಸಲೇಟರ್ ಬಿಟ್ಟು ಬಲಗೈ ಚಾಚಿ
ಮರಳು ತಿರುವಿದೆ.

ಹಿಂದಿನ ಆಟೋದವನು ಪಕ್ಕಕ್ಕೆ ಬಂದ:
‘ಏನಕ್ಕ, ನೊಣಾನಾ?’

‘ಅಲ್ಲಪ್ಪ. ಎಡಕ್ಕೆ.’