ಉಗುರುಬಣ್ಣದ ಗೆರೆ

ನೀರು ಇಳಿದಿದೆ. ದೋಣಿ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದೆ
ಹೊಟ್ಟೆ ತುಂಬಿದ ಹಂದಿಯ ಹಾಗೆ.
ಭರತಕ್ಕೆ ಇನ್ನೂ ಐದು ಗಂಟೆ.
ಚಿಲೊಯೆಯ ಈ ಕಡಲು ಯಾರಿಗೂ ಕಾಯುವುದಿಲ್ಲ,
ಹೇಳದೆ ಕೇಳದೆ ಬರುವುದೂ ಇಲ್ಲ.
ನಾಳೆ ಅಚಾವೊದ ಸಂತೆ: ಹನ್ನೊಂದು ಮೂಟೆ ಆಲೂಗಡ್ಡೆ,
ಎರಡು ಬುಟ್ಟಿ ಬೆಳ್ಳುಳ್ಳಿ,
ಬಾಯಿ ಬಿಗಿದ ಮರುವಾಯಿ ಒಂದು ಚೀಲ.

ಮೋಟಾರು ಅರಚುತ್ತದೆ, ದೋಣಿ ಕದಲುವುದಿಲ್ಲ.
ದೂರು ಇಷ್ಟೇ.
'ಕಾರ್ಬ್ಯುರೇಟರು' ಅಂದ ಓರ್ಫೆಲಿಯೊ.
ಅವನಿಗೆ ಎಲ್ಲವೂ ಕಾರ್ಬ್ಯುರೇಟರೇ,
ಹೋದ ಚಳಿಗಾಲ ಸತ್ತ ಹುಂಜ ಕೂಡ.

ನಾನು ಕೆಳಗಿನಿಂದ ಹತ್ತುತ್ತೇನೆ.
ತಳದ ತಿರುಪು ಸಡಿಲಿಸಿ ಒಂದು ತೊಟ್ಟು ಎಣ್ಣೆ ಬೆರಳಿಗೆ.
ಹಾಲಿನಂತಿದ್ದರೆ ಒಳಗೆ ನೀರು ಹೊಕ್ಕಿದೆ ಎಂದು ಅರ್ಥ.
ಹಾಲಲ್ಲ, ಜೋನಿಬೆಲ್ಲ. ಗೇರು ಬದುಕಿದೆ.
ಪಿನ್ನು ಕಿತ್ತೆ. ಎಸಳಿಗೆ ಸೌದೆ ತುಂಡು ಅಡ್ಡ ಕೊಟ್ಟು ನಟ್ಟು ಬಿಚ್ಚಿದೆ.
ದಂಡಕ್ಕೆ ನಾಲ್ಕು ಸುತ್ತು ಗಾಳದ ದಾರ.
ಬಿಡಿಸಿ ಜೇಬಿಗೆ ಹಾಕಿಕೊಂಡೆ, ಬೇಕಾಗುತ್ತದೆ.

ಆಮೇಲೆ ಪ್ರೊಪೆಲರ್ ಮಡಿಲಲ್ಲಿಟ್ಟುಕೊಂಡು ಕೂತೆ.
ಮೂರು ಎಸಳು. ಎರಡಕ್ಕೆ ಬರೀ ವಯಸ್ಸಾಗಿದೆ.
ಮೂರನೆಯದು ನಾಯಿಕಿವಿಯಂತೆ ಮಡಿಚಿದೆ,
ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಹಲ್ಲು.

'ತೇಲುಮರ ಇರಬೇಕು' ಅಂದ.
ಮರ ಹೀಗೆ ಕಚ್ಚುವುದಿಲ್ಲ, ಓರ್ಫೆಲಿಯೊ.
ಮರ ಸವರುತ್ತದೆ. ಕಲ್ಲು ಕಡಿಯುತ್ತದೆ.
ಕಬ್ಬಿಣ ತನ್ನ ಬಣ್ಣ ಬಿಟ್ಟು ಹೋಗುತ್ತದೆ.
ಹಲ್ಲಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಹಳದಿ.
ಈ ಕೊಲ್ಲಿಯಲ್ಲಿ ಹಳದಿ ಕಬ್ಬಿಣ ಇರುವುದು ಒಂದೇ ಕಡೆ:
ಬಾರ್ರಿಯಾನ ಕಟ್ಟೆಯ ಕಂಬಿ.
ಶನಿವಾರ ರಾತ್ರಿ ಅಲ್ಲಿ ಇಸ್ಪೀಟು.

ಇದನ್ನೆಲ್ಲ ನಾನು ಹೇಳಲಿಲ್ಲ.
'ಬಣ್ಣ ಚೆನ್ನಾಗಿದೆ' ಅಂದೆ, ಅಷ್ಟೇ.
ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ,
ಸೌದೆ ಒಡೆಯಬೇಕು ಅಂತ ಎದ್ದು ಹೋದ.

ದಿಮ್ಮಿಯ ಮೇಲೆ ಎಸಳಿಟ್ಟು ಮರದ ಸುತ್ತಿಗೆಯಲ್ಲಿ ತಟ್ಟಿದೆ,
ಜೋರಾಗಿ ಅಲ್ಲ, ನಿದ್ದೆಗೆ ಮಗುವನ್ನು ತಟ್ಟುವಷ್ಟು.
ಅರದಿಂದ ಉಜ್ಜಿ, ಸರಳಿಗೆ ಸಿಕ್ಕಿಸಿ ತಿರುಗಿಸಿದೆ,
ಯಾವ ಎಸಳು ಕೆಳಗೆ ನಿಲ್ಲುತ್ತದೋ ಅದು ಭಾರ, ಅದನ್ನು ಮತ್ತೆ ಉಜ್ಜಿದೆ.
ಆದರೂ ಮನಸ್ಸು ಒಪ್ಪಲಿಲ್ಲ.
ಕಿವಿ ಹರಿದ ನಾಯಿಯೂ ಓಡುತ್ತದೆ.
ಇಷ್ಟಕ್ಕೇ ದೋಣಿ ನಿಲ್ಲುವುದಿಲ್ಲ.

ಮಗಳು ಯಾಸ್ನಾಳ ಉಗುರುಬಣ್ಣ ತಂದೆ, ಕಡುಗೆಂಪು.
ಒಳಗಿನ ಹಿತ್ತಾಳೆ ಕೊಳವೆಯಿಂದ, ನಡುವಿನ ರಬ್ಬರು ದಾಟಿ,
ಹೊರಗಿನ ಅಲ್ಯುಮಿನಿಯಂವರೆಗೆ
ನೆಟ್ಟಗೆ ಒಂದು ಗೆರೆ.
'ಅಮ್ಮ, ಮೋಟಾರಿಗೆ ಮದುವೆಯಾ?' ಅಂದಳು.

ಸಂಜೆ ನೀರು ಬಂತು, ದೋಣಿ ಎದ್ದು ನಿಂತಿತು.
ಪೂರ್ತಿ ತಿರುವಿದೆ: ಅರಚಾಟ, ನೊರೆ, ನಿಂತಲ್ಲೇ ನಿಂತ ದಡ.
ಮೋಟಾರು ಮೇಲೆತ್ತಿ ಟಾರ್ಚು ಹಿಡಿದೆ.
ಗೆರೆ ಮುರಿದಿತ್ತು.
ಒಳಗಿನ ಚೂರು ಆಲ್ಡೊನ ಚರ್ಚಿನ ಕಡೆ,
ಹೊರಗಿನದು ನಮ್ಮ ಕೊಟ್ಟಿಗೆಯ ಕಡೆ.
ಮೂವತ್ತೊಂದು ವರ್ಷ ಹಿಡಿದುಕೊಂಡಿದ್ದ ರಬ್ಬರು ಕೈ ಬಿಟ್ಟಿದೆ,
ದಂಡ ಒಳಗೆ ತನ್ನ ಪಾಡಿಗೆ ತಿರುಗುತ್ತಿದೆ.

ಮನೆಗೆ ಹೋಗಿ ತೀರ್ಪು ಹೇಳಿದೆ:
ಎಸಳು ನಿನ್ನದು. ರಬ್ಬರು ನಿನ್ನದಲ್ಲ.
ಅವನು ತಲೆ ಎತ್ತಲಿಲ್ಲ,
ನನ್ನ ಬಟ್ಟಲಿಗೆ ಸಾರು ಮಾತ್ರ ಇನ್ನೊಂದು ಸೌಟು ಬಿತ್ತು.

ಹೊಸದು ಪಟ್ಟಣದಲ್ಲಿ ಸಿಗಬೇಕು, ಸಿಕ್ಕರೆ.
ಅಲ್ಲಿಯವರೆಗೆ ಒಂದೇ ಉಪಾಯ:
ಹೆಚ್ಚು ಕೇಳಬಾರದು.
ಮೆಲ್ಲಗೆ ತಿರುಗಿಸಿದರೆ ರಬ್ಬರು ಇನ್ನೂ ಕಚ್ಚುತ್ತದೆ,
ಕಾಲುಭಾಗದ ಮೇಲೆ ಹೋದರೆ ಜಾರುತ್ತದೆ.

ಬೆಳಗ್ಗಿನ ಭರತಕ್ಕೆ ಹೊರಟೆವು.
ನಲವತ್ತು ನಿಮಿಷದ ದಾರಿಗೆ ಎರಡೂವರೆ ಗಂಟೆ.
ನಾರೆಯ ಹೊಸ ದೋಣಿಗಳು ನಮ್ಮ ಮೇಲೆ ನೀರೆರಚಿ ಹೋದವು,
ಕಡಲಕೋಳಿಗಳು ಈಜಿಕೊಂಡೇ ಜೊತೆ ಬಂದವು.
ಓರ್ಫೆಲಿಯೊ ಮೂಟೆಗಳ ಮೇಲೆ ಕೂತಿದ್ದ,
ಇಳಿದು ಹೋಗಲು ಎಲ್ಲೂ ಜಾಗವಿರಲಿಲ್ಲ.

ಎಷ್ಟು ಸೋತೆ, ಕೇಳಿದೆ.

ಹೇಳಿದ.

ಥ್ರಾಟಲಿನ ಮೇಲೆ ನನ್ನ ಮಣಿಕಟ್ಟು ಬಿಗಿಯಿತು.
ತಿರುವಲಿಲ್ಲ.